ಡಂಗುರದ ಕೂಲಿ

ಮಾಳಮಡ್ಡಿಯ ಹಳೆಯ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವುದೆಂದರೆ ಅರ್ಧ ಇತಿಹಾಸ ಸಂಶೋಧನೆ ಮಾಡಿದಂತೆ. ಕಳೆದ ದೀಪಾವಳಿಗೆ ಮುಂಚೆ ನಮ್ಮ ಅಟ್ಟದಿಂದ ಒಂದು ತಾಮ್ರದ ಹಂಡೆ, ಕಾಲು ಮುರಿದ ವ್ಯಾಸಪೀಠ, ಗೆದ್ದಲು ತಿಂದ ಪಂಚಾಂಗಗಳು, ಇವುಗಳ ಜೊತೆಗೆ ಹಳೆಯ ಮಾಸಪತ್ರಿಕೆಗಳ ಒಂದು ಗಂಟೂ ಇಳಿಯಿತು. ಅಜ್ಜ ಪತ್ರಿಕೆಗಳನ್ನು ಓದಿ ಕಟ್ಟಿಟ್ಟಿದ್ದರೆಂಬುದು ಆಶ್ಚರ್ಯವಲ್ಲ. ಅವುಗಳಿಗೆ ಸುತ್ತಿ ಬಂದ ಟಪಾಲಿನ ಕಾಗದದ ಪಟ್ಟಿಗಳನ್ನು ಕೂಡ ಬಿಸಾಡದೆ ಇಟ್ಟಿದ್ದರೆಂಬುದೇ ಆಶ್ಚರ್ಯ. ನಾಲ್ಕು ಬೆರಳಗಲದ ಕಂದು ಪಟ್ಟಿ. ಅದರ ಮೇಲೆ ಶಾಯಿಯಲ್ಲಿ ಅಜ್ಜನ ಹೆಸರು. ಕೆಳಗೆ ‘ಮಾಳಮಡ್ಡಿ, ಧಾರವಾಡ’. ಪಿನ್ ಕೋಡು ಬಂದದ್ದು 1972ರಲ್ಲಿ. ಅದಕ್ಕೂ ಹಿಂದಿನ ಈ ಪಟ್ಟಿಗಳಿಗೆ ಅಷ್ಟೇ ವಿಳಾಸ ಸಾಕಾಗಿತ್ತು. ವರುಷಗಟ್ಟಲೆ ಎಲ್ಲ ಪಟ್ಟಿಗಳ ಮೇಲೂ ಒಂದೇ ಕೈಯ ಅಕ್ಷರ. ಕೊನೆಕೊನೆಗೆ ಆ ಅಕ್ಷರ ತುಸು ನಡುಗಿದೆ. ಆಮೇಲೆ ಬೇರೊಂದು ಕೈ.

ಅದೇ ಸಂಜೆ ನನ್ನ ಫೋನಿನಲ್ಲಿ ನೆರೆಮನೆಯ ಹುಡುಗನ ಜಾಲತಾಣದ ಜಾಹೀರು ಕಾಣಿಸಿತು. ಈ ಸೀಮೆಯ ಹಳೆಯ ಗುಡಿ, ಶಾಸನ, ಗ್ರಂಥಗಳ ವಿಷಯವಾಗಿ ಅವನು ಪ್ರೀತಿಯಿಂದ ನಡೆಯಿಸುತ್ತಿರುವ ತಾಣವದು, ಬರವಣಿಗೆಯೂ ಒಳ್ಳೆಯದು. ಆದರೆ ಅದೇ ವಾಕ್ಯ, ಅದೇ ಚಿತ್ರ, ಮೂರು ಕಡೆಗಳಲ್ಲಿ, ದಿನಕ್ಕೆ ಎರಡು ಸಲ. ಸಿಕ್ಕಾಗ ಕೇಳಿದೆ: “ಏನಪಾ, ದಿನಾ ಅದನ್ನ ಹಾಕಿ ಹಾಕಿ ನಿನಗ ಬ್ಯಾಸರ ಬರೂದಿಲ್ಲೇನು?” ಅವನು ನಕ್ಕು ಹೇಳಿದ: “ನಾ ಎಲ್ಲಿ ಹಾಕ್ತೀನ್ರಿ ಕಾಕಾ? ಅದರಷ್ಟಕ್ಕ ಅದ ಹಾಕ್ತದ. ಆ ಹೊತ್ತಿಗೆ ನಾ ಮಲಗಿರ್ತೀನಿ.”

ಹುಡುಗನ ಮಾತಿನಲ್ಲಿ ಸುಳ್ಳಿಲ್ಲ. ತಾನೇ ತಾನಾಗಿ ಸಾರುವ ಯಂತ್ರವೊಂದು ಅವನ ಪರವಾಗಿ ದುಡಿಯುತ್ತಿದೆ. ಶಾಯಿಯಲ್ಲಿ ವಿಳಾಸ ಬರೆದ ಆ ಕೈಗೂ ಈ ಮಲಗಿದ ಹುಡುಗನಿಗೂ ನಡುವೆ ಏನು ನಡೆಯಿತು? ಯಂತ್ರ ಬಂತು ಎಂದುಬಿಟ್ಟರೆ ಉತ್ತರವಾಗದು. ಅಚ್ಚಿನ ಮೊಳೆಯೂ ಯಂತ್ರವೇ, ರೈಲೂ ಯಂತ್ರವೇ. ನನಗೆ ತೋರುವಂತೆ ಇಲ್ಲಿ ಕೇಳಬೇಕಾದ ಪ್ರಶ್ನೆ ಲೆಕ್ಕದ್ದು: ಜನರನ್ನು ‘ಬನ್ನಿ, ಓದಿ’ ಎಂದು ಕರೆಯುವುದಕ್ಕೆ ತಗಲುವ ಕೂಲಿಯನ್ನು ಯಾವ ಕಾಲಕ್ಕೆ ಯಾರು ಕೊಟ್ಟರು?

ಡಂಗುರದಿಂದಲೇ ತೊಡಗೋಣ. ಹಲಗೆ ಬಡಿದು ಸಾರುವವನಿಗೆ ಕೂಲಿ ಊರಿನದೋ ಸರಕಾರದ್ದೋ ಆಗಿರುತ್ತಿತ್ತು. ಅವನ ಕೊರಳು ಎಷ್ಟು ದೂರ ಕೇಳಿಸೀತೋ ಅಷ್ಟೇ ಅವನ ರಾಜ್ಯ. ಓಣಿಯ ತಿರುವಿನಲ್ಲಿ ನಿಂತು ಸಾರಿ ಮುಂದೆ ಹೋಗುವವನನ್ನು ತಡೆದು ‘ಯಾವತ್ತು? ಎಷ್ಟು ಗಂಟೆಗೆ?’ ಎಂದು ಕೇಳಬಹುದಾಗಿತ್ತು. ಸಿಟ್ಟು ಬಂದವರು ಬಯ್ಯಲೂಬಹುದಾಗಿತ್ತು. ಕಂಪನಿ ನಾಟಕಗಳ ಕಾಲಕ್ಕೆ ಹಲಗೆಯ ಜಾಗದಲ್ಲಿ ಬ್ಯಾಂಡು ಬಂತು, ಚಕ್ಕಡಿ ಟಾಂಗಾಗಳ ಮೇಲೆ ಬಣ್ಣದ ಹಲಗೆಗಳು ಬಂದವು, ಕೆಂಪು ಹಳದಿ ಕಾಗದದ ಹ್ಯಾಂಡ್‌ಬಿಲ್ಲುಗಳು ಗಾಳಿಯಲ್ಲಿ ಹಾರಿದವು. ಹಾರಿದ ಒಂದೊಂದು ಕಾಗದಕ್ಕೂ ಕಂಪನಿಯ ಮಾಲಕ ಛಾಪಖಾನೆಗೆ ದುಡ್ಡು ತೆತ್ತಿರುತ್ತಿದ್ದ. ಸಾವಿರ ಅಚ್ಚು ಹಾಕಿಸಬೇಕೋ ಎರಡು ಸಾವಿರವೋ ಎಂದು ಅವನು ರಾತ್ರಿಯ ಗಲ್ಲೆಯನ್ನು ನೆನೆದು ನಿರ್ಧರಿಸಬೇಕಾಗಿತ್ತು. ಹಿಂದೆ ಓಡುವ ಮಕ್ಕಳಿಗೆ ಮಾತ್ರ ಎಲ್ಲವೂ ಪುಕ್ಕಟೆ.

ಇನ್ನು ಓದಿನ ಲೋಕಕ್ಕೆ ಬರೋಣ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹರ್ಮನ್ ಮೊಗ್ಲಿಂಗರ ಕೈಯಿಂದ 1843ರ ಜುಲೈ 1ರಂದು ಹೊರಬಿದ್ದಿತಷ್ಟೆ. ಆದರೆ ಪತ್ರಿಕೆ ಹೊರಡುವುದು ಬೇರೆ, ದೂರದ ಊರಿನ ಓದುಗನ ಮನೆ ಸೇರುವುದು ಬೇರೆ. ಅದಕ್ಕೆ ಬೇಕಾದ ಸಲಕರಣೆಗಳೆಲ್ಲ ಒಂದರ ಹಿಂದೊಂದು ಒದಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ. 1877ರಲ್ಲಿ ಅಂಚೆಯವರು ವಿ.ಪಿ. ಪದ್ಧತಿಯನ್ನು ತಂದರು, 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂತು, 1880ರಲ್ಲಿ ಮನಿಯಾರ್ಡರು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಧಾರವಾಡವನ್ನು ಮುಟ್ಟಿದವು. ಮಾಳಮಡ್ಡಿಯವರಿಗೆ ಇಂದಿಗೂ ಗಡಿಯಾರಕ್ಕಿಂತ ರೈಲಿನ ಸಿಳ್ಳೇ ಹೆಚ್ಚು ನಂಬಿಕೆಯದು. ಆ ಸಿಳ್ಳಿನ ಹಿಂದೆಯೇ ಟಪಾಲಿನ ಚೀಲಗಳೂ ಬಂದವೆಂಬುದನ್ನು ಮರೆಯಬಾರದು.

ಸಲಕರಣೆ ಬಂತು, ಓದುಗ ಎಲ್ಲಿ? ಆ ಕಾಲಕ್ಕೆ ಮುಂಬಯಿ ಕರ್ನಾಟಕದ ಸುಶಿಕ್ಷಿತ ಮನೆಗಳಲ್ಲಿ ಓದೆಂದರೆ ಮರಾಠಿ ಓದು. ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಈ ಕೊರತೆಯನ್ನು ಕಂಡೇ. ಕನ್ನಡದಲ್ಲಿ ಬರೆಯುವವರನ್ನು ಹುಡುಕುವುದರ ಜೊತೆಗೆ ಓದುವವರನ್ನೂ ಹುಡುಕಬೇಕಾಗಿತ್ತು. ಹುಡುಕಿ ಸಿಗದಿದ್ದರೆ ಹುಟ್ಟಿಸಬೇಕಾಗಿತ್ತು. ಈ ಕೆಲಸದಲ್ಲಿ ಗಳಗನಾಥರ ಹೆಸರನ್ನು ಮೊದಲು ಹೇಳಬೇಕು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಕಾದಂಬರಿಕಾರರು ಕನ್ನಡಕ್ಕೆ ಕಾದಂಬರಿಗಳನ್ನು ಕೊಟ್ಟಷ್ಟೇ ಅಲ್ಲ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆ ಮನೆಯ ಬಾಗಿಲಲ್ಲಿ ಮಾರಿದರು. ಹೊತ್ತ ಗಂಟಿನ ಭಾರ ಅವರದೇ. ‘ಬ್ಯಾಡ್ರಿ’ ಎಂದವನ ಮುಖವನ್ನೂ ಅವರೇ ನೋಡಬೇಕು. ‘ಮುಂದಿನ ಭಾಗ ಯಾವಾಗ?’ ಎಂದವನ ಮುಖವನ್ನೂ ಅವರೇ ನೋಡಬೇಕು. ಮುಂದಿನ ಪುಸ್ತಕವನ್ನು ಬರೆಯಲು ಕುಳಿತಾಗ ಈ ಮುಖಗಳು ಕಣ್ಣ ಮುಂದೆ ಬಾರದೆ ಇದ್ದಾವೆ?

1921ರಲ್ಲಿ ‘ಕರ್ಮವೀರ’, 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’, 1938ರಲ್ಲಿ ಬೆಟಗೇರಿ ಕೃಷ್ಣಶರ್ಮರ ‘ಜಯಂತಿ’, ಇವೆಲ್ಲ ಧಾರವಾಡದ ಓಣಿಗಳಿಂದ ಹೊರಟವು. ಇವುಗಳ ಸಾಹಿತ್ಯಸೇವೆಯ ವಿಷಯವಾಗಿ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಆದರೆ ಸಂಪಾದಕರ ಪಕ್ಕದಲ್ಲಿ ಇರುತ್ತಿದ್ದ ವರ್ಗಣಿದಾರರ ಪುಸ್ತಕದ ಮಾತನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಆ ಪುಸ್ತಕದಲ್ಲಿ ಹೆಸರು, ಊರು, ತಾಲೂಕು, ವರ್ಗಣಿ ಮುಗಿಯುವ ತಿಂಗಳು. ತಿಂಗಳು ಸಮೀಪಿಸಿದೊಡನೆ ಪತ್ರಿಕೆಯಲ್ಲಿ ಒಂದು ವಿನಂತಿ ಅಚ್ಚಾಗುತ್ತಿತ್ತು: ವರ್ಗಣಿ ಕಳಿಸಿರಿ, ಇಲ್ಲವಾದರೆ ಮುಂದಿನ ಸಂಚಿಕೆ ವಿ.ಪಿ.ಯಿಂದ ಬರುವುದು, ಬೇಡವಾದಲ್ಲಿ ಒಂದು ಕಾರ್ಡು ಬರೆಯಿರಿ, ದಯವಿಟ್ಟು ವಿ.ಪಿ. ತಿರುಗಿಸಬೇಡಿರಿ.

ಈ ಕೊನೆಯ ವಿನಂತಿಯಲ್ಲಿ ಒಂದು ನಿಜವಾದ ನೋವಿದೆ. ವಿ.ಪಿ. ಎಂದರೇನೆಂಬುದನ್ನು ಇಂದಿನ ಎಳೆಯರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಪ್ರಕಾಶಕನು ಪುಸ್ತಕದ ಬೆಲೆಯನ್ನು ನಮೂದಿಸಿ, ಟಪಾಲಿನ ಖರ್ಚನ್ನು ತಾನು ಕೊಟ್ಟು ಕಟ್ಟನ್ನು ಕಳಿಸುವನು. ಪೋಸ್ಟಮನ್ ಅದನ್ನು ಓದುಗನ ಬಾಗಿಲಿಗೆ ಒಯ್ದು, ದುಡ್ಡು ಕೈಗೆ ಬಂದ ಮೇಲೆಯೇ ಕಟ್ಟನ್ನು ಕೊಡುವನು; ಆ ದುಡ್ಡು ಮನಿಯಾರ್ಡರಾಗಿ ಪ್ರಕಾಶಕನಿಗೆ ಹಿಂದಿರುಗುವುದು. ಓದುಗನು ಒಲ್ಲೆನೆಂದರೆ ಕಟ್ಟೇ ಹಿಂದಿರುಗುವುದು. ಮೈಮೇಲೆ ಹೋಗಿ ಬಂದ ಊರುಗಳ ಮುದ್ರೆ ಬಡಿಸಿಕೊಂಡು, ಮೂಲೆ ಮುದುಡಿ, ಪ್ರಕಾಶಕನ ಹೊಸ್ತಿಲಿಗೆ ಬಂದು ಬೀಳುವುದು. ಟಪಾಲಿನ ಖರ್ಚು ಹೋಯಿತು. ಆ ಪ್ರತಿ ಮತ್ತೆ ಹೊಸದಾಗಿ ಮಾರಲೂ ಬಾರದು. ತಿರುಗಿ ಬಂದ ವಿ.ಪಿ.ಗಳಿಂದಲೇ ಸೋತುಹೋದ ಸಣ್ಣ ಪತ್ರಿಕೆಗಳು ನಮ್ಮಲ್ಲಿ ಒಂದೆರಡಲ್ಲ. ಹೀಗಿದ್ದರೂ ಆ ತಿರುಗಿ ಬಂದ ಕಟ್ಟು ಒಂದು ಸುದ್ದಿಯನ್ನು ತರುತ್ತಿತ್ತು: ಇಂಥ ಊರಿನ ಇಂಥವರಿಗೆ ನೀವು ಬೇಡವಾಗಿದ್ದೀರಿ. ಏಕೆ ಬೇಡವಾದೆವು ಎಂದು ಸಂಪಾದಕ ಒಂದು ರಾತ್ರಿಯಾದರೂ ಯೋಚಿಸುತ್ತಿದ್ದ.

ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ವರುಷದ ವರ್ಗಣಿಯನ್ನು ಮೊದಲೇ ಕೊಟ್ಟವರಿಗೆ ಆ ವರುಷ ಮಾಲೆ ಪ್ರಕಟಿಸಿದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಬರುವುದೆಂದು ಕೊಡುವವನಿಗೆ ಗೊತ್ತಿರುತ್ತಿರಲಿಲ್ಲ. ಕೊಳ್ಳುವವನು ಪುಸ್ತಕವನ್ನಲ್ಲ, ಅಟ್ಟದ ಮೇಲೆ ಕುಳಿತವರ ರುಚಿಯನ್ನು ಕೊಳ್ಳುತ್ತಿದ್ದ. ವರ್ಗಣಿದಾರರನ್ನು ಕೂಡಿಸಲು ಜೋಶಿಯವರು ಪಟ್ಟ ಪಾಡು, ಸುತ್ತಿದ ಊರು ಧಾರವಾಡದಲ್ಲಿ ಮನೆಮಾತು. ಆದರೆ ಒಮ್ಮೆ ಕೂಡಿದ ಮೇಲೆ ಆದ ಲಾಭವನ್ನು ನೋಡಿರಿ. 1961ರಲ್ಲಿ ‘ಯಯಾತಿ’ ಹೊರಬಂದಾಗ ಅದರ ಕರ್ತೃ ಗಿರೀಶ ಕಾರ್ನಾಡರಿಗೆ 23 ವರುಷ. ಓದಲೆಂದು ವಿಲಾಯತಿಗೆ ಹೋಗಿದ್ದ ಹುಡುಗ. ಹೆಸರು ಯಾರಿಗೂ ಗೊತ್ತಿಲ್ಲ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’. ಕೇಳಿಕೊಂಡು ಬಂದು ಕೊಳ್ಳುವವರಿಗಾಗಿ ಕಾಯುತ್ತ ಕುಳಿತಿದ್ದರೆ ಈ ಪುಸ್ತಕಗಳು ಎಷ್ಟು ಮನೆ ಸೇರುತ್ತಿದ್ದವೋ! ಡಂಗುರವಿಲ್ಲದೆಯೇ ಅವು ಟಪಾಲಿನ ಚೀಲದಲ್ಲಿ ಕುಳಿತು ಹಳ್ಳಿಯ ಮಾಸ್ತರರ ಮನೆ, ತಾಲೂಕಿನ ವಕೀಲರ ಮನೆ ಸೇರಿದವು. ಹಿಂದೆ ತೆತ್ತ ಕೂಲಿಯ ಬಡ್ಡಿ ಅದು.

1950ರ ಜನವರಿ 8ರಂದು ಆಕಾಶವಾಣಿಯ ಧಾರವಾಡ ನಿಲಯ ಆರಂಭವಾಗಿ, ಒಂದೇ ಕೊರಳು ಒಂದೇ ಗಳಿಗೆಗೆ ಸಾವಿರಾರು ಮನೆಗಳಲ್ಲಿ ಕೇಳಿಸುವಂತಾಯಿತು. ಅದರ ಕೂಲಿ ಸರಕಾರದ್ದು, ಮತ್ತು ರೇಡಿಯೋ ಲೈಸೆನ್ಸ್ ತೆಗೆಸಿದವರದು. ಅದರ ಕಥೆ ಬೇರೆ, ಇಲ್ಲಿ ಬೇಡ.

ಕೂಲಿಯ ಲೆಕ್ಕ ತಲೆಕೆಳಗಾದದ್ದು ನಮ್ಮಲ್ಲಲ್ಲ, ಅಮೇರಿಕೆಯಲ್ಲಿ. 1978ರ ಮೇ 3ರಂದು ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ಗ್ಯಾರಿ ಥುರ್ಕ್ ಎಂಬವನು ಅರ್ಪಾನೆಟ್ ಎಂಬ ಆಗಿನ ಗಣಕಜಾಲದಲ್ಲಿದ್ದ ಸುಮಾರು 400 ಜನಕ್ಕೆ ಒಮ್ಮೆಗೇ ತನ್ನ ಯಂತ್ರಗಳ ಜಾಹೀರಾತನ್ನು ಕಳಿಸಿದ. ವಿಳಾಸಗಳನ್ನು ಅಚ್ಚಾದ ಒಂದು ಡೈರೆಕ್ಟರಿಯಿಂದ ನೋಡಿ ಕೈಯಿಂದಲೇ ತುಂಬಿಸಿದ್ದರು. ಇಷ್ಟರ ಮಟ್ಟಿಗೆ ಅದು ಇನ್ನೂ ನಮ್ಮ ವರ್ಗಣಿಪುಸ್ತಕದ ಕಾಲದ್ದೇ. ಹದಿನಾರು ವರುಷಗಳ ಮೇಲೆ, 1994ರ ಏಪ್ರಿಲ್ 12ರಂದು, ಆ ಕೈಗೆಲಸವೂ ಹೋಯಿತು. ಅರಿಝೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿಗಳು ಅಮೇರಿಕೆಯ ವಾಸದ ಪರವಾನಗಿಯ ಲಾಟರಿಯ ವಿಷಯವಾಗಿ ಒಂದು ಜಾಹೀರಾತನ್ನು ಬರೆದು, ಒಂದು ಸಣ್ಣ ಪ್ರೋಗ್ರಾಮಿನ ಕೈಗೆ ಕೊಟ್ಟರು. ಯೂಸ್‌ನೆಟ್ ಎಂಬ ಚರ್ಚಾಜಾಲದ 5,000ಕ್ಕೂ ಮಿಕ್ಕಿದ ಮಂಡಳಿಗಳಲ್ಲಿ ಆ ಪ್ರೋಗ್ರಾಮು ಅದನ್ನು ತಾನಾಗಿ ಅಂಟಿಸುತ್ತ ಹೋಯಿತು. ತೋಟಗಾರಿಕೆಯ ಮಾತಾಡುವವರಿಗೂ ಅದೇ, ಗಣಿತದ ಮಾತಾಡುವವರಿಗೂ ಅದೇ. ಸಿಟ್ಟಿಗೆದ್ದ ಓದುಗರು ಬರೆದ ಬೈಗುಳದ ಪತ್ರಗಳ ಭಾರಕ್ಕೆ ವಕೀಲರಿಗೆ ಜಾಲದ ಸಂಪರ್ಕ ಕೊಟ್ಟಿದ್ದ ಕಂಪನಿಯ ಗಣಕವೇ ಮತ್ತೆ ಮತ್ತೆ ಕುಸಿದುಬಿದ್ದಿತು. ನಾರ್ವೆಯ ಪ್ರೋಗ್ರಾಮರನೊಬ್ಬ ಆ ದಂಪತಿಗಳ ಜಾಹೀರಾತುಗಳನ್ನು ಹುಡುಕಿ ಹುಡುಕಿ ಅಳಿಸುವ ಇನ್ನೊಂದು ಯಂತ್ರವನ್ನೇ ಕಟ್ಟಿದ. ದಂಪತಿಗಳೇನೂ ನಾಚಲಿಲ್ಲ, ಜಾಲದಲ್ಲಿ ಹಣ ಗಳಿಸುವುದು ಹೇಗೆಂದು ಅದೇ ವರುಷ ಒಂದು ಪುಸ್ತಕ ಬರೆದರು.

ಆ ದಿನ ಏನಾಯಿತೆಂಬುದನ್ನು ನಮ್ಮ ಛಾಪಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಹ್ಯಾಂಡ್‌ಬಿಲ್ಲಿನ ಖರ್ಚು ಹಂಚುವವನಿಂದ ಕೇಳುವವನಿಗೆ ದಾಟಿತು. ಕಳಿಸುವವನಿಗೆ ಒಂದು ಕಳಿಸಿದರೂ ಅಷ್ಟೇ, ಐದು ಸಾವಿರ ಕಳಿಸಿದರೂ ಅಷ್ಟೇ. ಅದನ್ನು ಕಂಡು, ತೆರೆದು, ಬೇಡವೆಂದು ಬದಿಗೆ ಸರಿಸುವ ಕೆಲಸ ಕೇಳುವವನ ಪಾಲಿಗೆ. ಗಳಗನಾಥರ ತಲೆಯ ಮೇಲಿದ್ದ ಗಂಟು ನಮ್ಮ ನಿಮ್ಮ ತಲೆಗೆ ಬಂತೆನ್ನಿ.

ಕನ್ನಡವು ಅಂತರಜಾಲವನ್ನು ಹೊಕ್ಕದ್ದು ಇದಾಗಿ ಎರಡೇ ವರುಷಕ್ಕೆ. ಯು. ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲಿ. ‘ದಟ್ಸ್ ಕನ್ನಡ’ 2000ದಲ್ಲಿ. ಕನ್ನಡ ವಿಕಿಪೀಡಿಯ 2003ರಲ್ಲಿ. ಆ ಮೊದಲ ದಿನಗಳಲ್ಲಿ ಪ್ರತಿ ತಾಣಕ್ಕೂ ಅದರದೇ ಅಕ್ಷರಗಳನ್ನು ಇಳಿಸಿಕೊಳ್ಳಬೇಕಾಗುತ್ತಿದ್ದುದರಿಂದ ಕನ್ನಡದ ಒಂದು ಸಾಲನ್ನು ಒಂದು ತಾಣದಿಂದ ಎತ್ತಿ ಇನ್ನೊಂದರಲ್ಲಿ ಇಡುವಂತೆಯೇ ಇರಲಿಲ್ಲ. ಯೂನಿಕೋಡ್ ಎಂಬ ಏಕರೂಪದ ಸಂಕೇತ ಮನೆಯ ಗಣಕಗಳಲ್ಲಿ ಹರಡಿದ ಮೇಲೆ ಆ ತೊಡಕು ನೀಗಿತು. ಅಷ್ಟರಲ್ಲಿ ಫೇಸ್‌ಬುಕ್ 2004ರಲ್ಲೂ ಟ್ವಿಟರ್ 2006ರಲ್ಲೂ ಹುಟ್ಟಿದ್ದವು. ತಾಣ ಕಟ್ಟಿದವರೆಲ್ಲ ತಮ್ಮ ಓದುಗರನ್ನು ಆ ಸಂತೆಗಳಲ್ಲಿಯೇ ಹುಡುಕತೊಡಗಿದರು.

ಹುಡುಗನ ಯಂತ್ರ ಹೇಗೆ ನಡೆಯುತ್ತದೆಂದು ಅವನ ಬಾಯಿಂದಲೇ ಕೇಳಿ ತಿಳಿದುಕೊಂಡೆ. 1999ರಲ್ಲಿ ಆರ್.ಎಸ್.ಎಸ್. ಎಂಬೊಂದು ಕ್ರಮ ರೂಢಿಗೆ ಬಂತು (ಹೆಸರು ಕೇಳಿ ಯಾರೂ ಬೇರೆ ಅರ್ಥ ಮಾಡಬಾರದು). ತಾಣದಲ್ಲಿ ಹೊಸ ಬರಹ ಸೇರಿದೊಡನೆ ಅದರ ಶೀರ್ಷಿಕೆ, ತಾರೀಖು, ಕೊಂಡಿಗಳು ಒಂದು ಯಾದಿಯಲ್ಲಿ ಸೇರುತ್ತವೆ. ಹೊರಗಿನ ಒಂದು ತಂತ್ರಾಂಶ ಇಷ್ಟಿಷ್ಟು ನಿಮಿಷಕ್ಕೊಮ್ಮೆ ಆ ಯಾದಿಯನ್ನು ಇಣಿಕಿ ನೋಡುತ್ತದೆ. ಹೊಸದು ಕಂಡರೆ ಶೀರ್ಷಿಕೆಯನ್ನು ಎತ್ತಿ, ಕೊಂಡಿಯನ್ನು ಗಿಡ್ಡ ಮಾಡಿ, ಒಂದು ಚಿತ್ರ ಸೇರಿಸಿ, ಯಜಮಾನನು ಮೊದಲೇ ಕೊಟ್ಟಿಟ್ಟ ಪರವಾನಗಿಯನ್ನು ತೋರಿಸಿ, ಎಲ್ಲ ಸಂತೆಗಳಲ್ಲೂ ಅವನ ಹೆಸರಿನಿಂದಲೇ ಸಾರುತ್ತದೆ. ಹೊಸದು ಇಲ್ಲದ ದಿನ ಹಳೆಯದನ್ನೇ ಸರದಿಯಂತೆ ಮತ್ತೆ ತೆಗೆಯುತ್ತದೆ. 2008ರಿಂದ ಮೂರು ನಾಲ್ಕು ವರುಷಗಳೊಳಗೆ ಹೂಟ್‌ಸೂಟ್, ಬಫರ್, ಇಫ್‌ಟಿಟಿಟಿ ಮೊದಲಾದ ಇಂಥ ಅನೇಕ ಸಲಕರಣೆಗಳು ಬಂದವು. ಸಣ್ಣ ಬಳಕೆಗೆ ದುಡ್ಡೂ ಇರಲಿಲ್ಲ.

ಯಂತ್ರಕ್ಕೆ ಕನ್ನಡ ಬಾರದೆಂಬುದೊಂದೇ ತೊಡಕು. ಟ್ವಿಟರಿನಲ್ಲಿ ಮೊದಲು 140 ಅಕ್ಷರಗಳ ಮಿತಿ ಇತ್ತು. 2017ರಲ್ಲಿ ಅದು 280 ಆಯಿತು. ನಾವು ‘ಶಾಸ್ತ್ರ’ ಎಂದು ಬರೆದು ಎರಡು ಅಕ್ಷರವೆನ್ನುತ್ತೇವೆ. ಒಂದನೆಯ ಇಯತ್ತೆಯ ಮಗುವೂ ಹಾಗೆಯೇ ಎಣಿಸುತ್ತದೆ. ಯಂತ್ರವು ವ್ಯಂಜನ, ದೀರ್ಘ, ಒತ್ತು, ಒತ್ತನ್ನು ಕೂಡಿಸುವ ಗುರುತು ಎಲ್ಲವನ್ನೂ ಬೇರೆ ಬೇರೆ ಹಿಡಿದು ಏಳು ಎನ್ನುತ್ತದೆ. ಹೀಗೆ ಎಣಿಸಿ, ಮಿತಿ ಮೀರಿತೆಂದು ಸಿಕ್ಕಲ್ಲಿ ಕತ್ತರಿಸುತ್ತದೆ. ಇಂಗ್ಲಿಷಿನಲ್ಲಿ ಕತ್ತರಿಸಿದರೆ ಮಾತು ಅರ್ಧವಾದೀತು. ಕನ್ನಡದಲ್ಲಿ ಮಾತು ತಿರುವುಮುರುವಾದೀತು, ಏಕೆಂದರೆ ನಮ್ಮ ‘ಇಲ್ಲ’ ಇರುವುದು ಕ್ರಿಯಾಪದದ ಬಾಲದಲ್ಲಿ. ಹುಡುಗನು ಒಂದು ಬರಹಕ್ಕೆ ‘ಎಷ್ಟೇ ಕಷ್ಟ ಬಂದರೂ ಊರವರು ತಮ್ಮ ಹಳೆಯ ವಾಚನಾಲಯವನ್ನು ಮುಚ್ಚಲಿಲ್ಲ’ ಎಂದು ಶೀರ್ಷಿಕೆ ಕೊಟ್ಟಿದ್ದ. ಯಂತ್ರವು ಅದನ್ನು ‘ಊರವರು ತಮ್ಮ ಹಳೆಯ ವಾಚನಾಲಯವನ್ನು ಮುಚ್ಚಲಿ’ ಎಂದು ಜಗತ್ತಿಗೆ ಸಾರಿತು. ಆ ಊರಿನವರೊಬ್ಬರು ‘ಯಾಕ ಮುಚ್ಚಬೇಕ್ರಿ? ನಿಮಗೇನು ತ್ರಾಸ?’ ಎಂದು ಬರೆದಾಗಲೇ ಇವನಿಗೆ ಗೊತ್ತಾದದ್ದು.

ಇದು ನಗುವ ಮಾತಾಯಿತು. ನಗಲಾಗದ ಮಾತೂ ಒಂದಿದೆ. ಊರಿನ ಹಿರಿಯ ಲೇಖಕರೊಬ್ಬರ ವಿನೋದ ಪ್ರಬಂಧವನ್ನು ಅವನು ಅವರ ಒಪ್ಪಿಗೆ ಪಡೆದು ತಾಣದಲ್ಲಿ ಹಾಕಿದ್ದ. ಸರದಿಯಲ್ಲಿ ಅದೂ ಇತ್ತು. ಅವರು ತೀರಿಕೊಂಡ ಮರುದಿನ ಮುಂಜಾನೆ, ಶವಸಂಸ್ಕಾರಕ್ಕೆ ಜನ ಕೂಡುತ್ತಿದ್ದಾಗಲೇ, ಅವರ ನಗುಮುಖದ ಚಿತ್ರದೊಡನೆ ‘ಇಂದು ಒಂದಿಷ್ಟು ನಗೋಣ’ ಎಂಬ ಸಾಲು ಎಲ್ಲರ ಫೋನುಗಳಲ್ಲಿ ಮೂಡಿತು. ಹುಡುಗನೂ ಆ ಜನರ ನಡುವೆಯೇ ನಿಂತಿದ್ದ. ದೊಡ್ಡವರೂ ಇಂಥದಕ್ಕೆ ಹೊರತಲ್ಲವೆಂದು ನಾನು ಅವನಿಗೆ ಸಮಾಧಾನ ಹೇಳಿದೆ. 2017ರ ಜೂನ್ ತಿಂಗಳಲ್ಲಿ ‘ಲಾಸ್ ಏಂಜಲಿಸ್ ಟೈಮ್ಸ್’ ಪತ್ರಿಕೆಯ ಭೂಕಂಪವಾರ್ತೆಯ ಯಂತ್ರವು ಸಾಂತಾ ಬಾರ್ಬರಾದ ಹತ್ತಿರ 6.8 ಪ್ರಮಾಣದ ಭೂಕಂಪವಾಯಿತೆಂದು ತಾನಾಗಿಯೇ ಸಾರಿಬಿಟ್ಟಿತ್ತು. ಆ ಭೂಕಂಪ ಆದದ್ದೇನೋ ನಿಜ, ಆದದ್ದು 1925ರಲ್ಲಿ. ಸರಕಾರಿ ಭೂವಿಜ್ಞಾನ ಇಲಾಖೆಯವರು ಹಳೆಯ ದಾಖಲೆ ತಿದ್ದುವಾಗ ತಪ್ಪಿ ಹೊರಬಿದ್ದ ಒಂದು ಸೂಚನೆಯನ್ನು ಯಂತ್ರ ನಂಬಿತು. ಆ ಪತ್ರಿಕೆಯವರು ಕೂಡಲೇ ತಿದ್ದುಪಡಿ ಹಾಕಿದರು. ನನ್ನ ಸಮಾಧಾನ ಹುಡುಗನಿಗೆ ಅಷ್ಟಾಗಿ ತಾಕಲಿಲ್ಲ. “ಅಲ್ಲಿ ಯಾರೂ ಸತ್ತಿದ್ದಿಲ್ಲ ಬಿಡ್ರಿ ಕಾಕಾ” ಎಂದ. ತೊಂಬತ್ತರ ಮೇಲೆ ವರುಷ ಕಳೆದಿದ್ದ ಭೂಕಂಪಕ್ಕೆ ಹೊಸದಾಗಿ ಸಾಯುವವರಾರು?

ಇಷ್ಟಾಗಿ ಓದುಗರಾದರೂ ಬಂದರೆ? ತಾಣದ ಲೆಕ್ಕದಲ್ಲಿ ಪೋಸ್ಟು ಬಿದ್ದ ಕೆಲವೇ ಕ್ಷಣಗಳಲ್ಲಿ ಭೇಟಿಗಳ ಸಾಲು ಏರುತ್ತದೆ. ಹುಡುಗ ಮೊದಲು ಹಿಗ್ಗಿದ್ದ. ಆಮೇಲೆ ತಿಳಿಯಿತು, ಆ ಮೊದಲ ಅತಿಥಿಗಳಲ್ಲಿ ಬಹುಪಾಲು ಯಂತ್ರಗಳೇ. ಕೊಂಡಿಯ ಚಿತ್ರವನ್ನೂ ಸಾರಾಂಶವನ್ನೂ ತೆಗೆದುಕೊಳ್ಳಲು ಸಂತೆಯ ಯಂತ್ರ ಬರುತ್ತದೆ. ಕೊಂಡಿಗಳನ್ನು ಕೂಡಿಹಾಕುವ ಬೇರೆ ಬೇರೆ ಕಂಪನಿಗಳ ಯಂತ್ರಗಳು ಬರುತ್ತವೆ. ಒಂದು ಯಂತ್ರ ‘ಬನ್ನಿ’ ಎಂದು ಕೂಗಿತು, ಹತ್ತು ಯಂತ್ರಗಳು ‘ಬಂದೆವು’ ಎಂದವು. ಮನೆಯವನು ಮಲಗಿದ್ದಾನೆ, ಅತಿಥಿಗೆ ಕಣ್ಣಿಲ್ಲ.

ಸಂತೆಯ ಒಡೆಯರಿಗೂ ಈ ಗದ್ದಲ ಸಾಕಾಗಿ, ಅವರು ಒಬ್ಬೊಬ್ಬರಾಗಿ ಬಾಗಿಲು ಹಾಕತೊಡಗಿದ್ದು 2018ರಲ್ಲಿ. ಆ ಜನವರಿಯಲ್ಲಿ ಫೇಸ್‌ಬುಕ್ ಗೆಳೆಯರ, ಬಂಧುಗಳ ಮಾತುಗಳನ್ನು ಮುಂದೆ ಮಾಡಿ, ಸಂಸ್ಥೆಗಳ ಪುಟಗಳ ಮಾತುಗಳನ್ನು ಹಿಂದೆ ಸರಿಸುವುದಾಗಿ ಸಾರಿತು. ಫೆಬ್ರುವರಿಯಲ್ಲಿ ಟ್ವಿಟರ್ ಒಂದೇ ಮಾತನ್ನು ಅನೇಕ ಖಾತೆಗಳಿಂದ ಒಟ್ಟಿಗೆ ಹಾಕಿಸುವುದನ್ನು ನಿಷೇಧಿಸಿತು. ಜುಲೈಯಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಹೊರಟಿತು. ಅದಕ್ಕೆ ಕಾರಣ ಗಾಳಿಸುದ್ದಿ ನಂಬಿ ಜನ ಜನರನ್ನು ಕೊಂದ ಘೋರ ಪ್ರಸಂಗಗಳು. ಆಗಸ್ಟ್ 1ರಿಂದ ಫೇಸ್‌ಬುಕ್ಕಿನ ವೈಯಕ್ತಿಕ ಖಾತೆಗಳಲ್ಲಿ ಹೊರಗಿನ ತಂತ್ರಾಂಶಗಳು ತಾವಾಗಿ ಪೋಸ್ಟು ಹಾಕುವುದು ನಿಂತಿತು. ಪುಟಗಳಿಗೆ ಮಾತ್ರ ಅವಕಾಶ ಉಳಿಯಿತು. 2023ರಲ್ಲಿ ಟ್ವಿಟರಿನ ಹೊಸ ಒಡೆತನದವರು ನೇರವಾಗಿ ದರಪಟ್ಟಿಯನ್ನೇ ತೂಗುಹಾಕಿದರು: ಸಣ್ಣ ಬಳಕೆಗೆ ಒಂದಿಷ್ಟು ಬಿಟ್ಟು, ಅದರ ಮೇಲಿನ ದರ ತಿಂಗಳಿಗೆ 100 ಡಾಲರಿನಿಂದ ಆರಂಭ. ಆ ವರುಷದ ಬೇಸಗೆಯಲ್ಲಿ ವರ್ಡ್‌ಪ್ರೆಸ್ ತಾಣಗಳಿಂದ ಟ್ವಿಟರಿಗೆ ತಾನಾಗಿ ಹೋಗುತ್ತಿದ್ದ ಪೋಸ್ಟುಗಳೂ ಇದೇ ಕಾರಣಕ್ಕೆ ನಿಂತವು. ಕರೆಗೆ ಮತ್ತೆ ಕೂಲಿ ಬಂದಂತಾಯಿತು. ಆದರೆ ಈ ಸಲ ಅದು ಹಲಗೆ ಬಡಿಯುವವನಿಗಲ್ಲ, ಪೋಸ್ಟಮನ್ನನಿಗಲ್ಲ, ಓಣಿಯನ್ನೇ ಕೊಂಡುಕೊಂಡವನಿಗೆ.

ಇಲ್ಲಿ ಹುಡುಗನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವನು ಹಗಲು ಬೇರೆ ನೌಕರಿ ಮಾಡುತ್ತಾನೆ, ರಾತ್ರಿ ಬರೆಯುತ್ತಾನೆ. ಜಿ. ಬಿ. ಜೋಶಿಯವರಂತೆ ಊರೂರು ಸುತ್ತೆಂದು ಅವನಿಗೆ ಹೇಳುವುದು ಸುಲಭ. “ನಾ ಒದರದಿದ್ರ ನಾ ಇದ್ದೀನಂತ ಯಾರಿಗೆ ಗೊತ್ತಾಗಬೇಕ್ರಿ?” ಎಂಬುದು ಅವನ ಪ್ರಶ್ನೆ, ಮತ್ತು ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಳೆಯ ದಾರಿಗಳೂ ಒಂದೊಂದಾಗಿ ಮುಚ್ಚುತ್ತಿವೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ನೋಂದಾಯಿಸಿ ಕಳಿಸುವ ಅಂಚೆ ಸೇವೆಯನ್ನು 2024ರ ಡಿಸೆಂಬರ್ 18ರಿಂದ ಇದ್ದಕ್ಕಿದ್ದಂತೆ ನಿಲ್ಲಿಸಲಾಯಿತು. ಕನ್ನಡದ ಸಣ್ಣ ಪ್ರಕಾಶಕರ ಬೆನ್ನಿಗೆ ಬಿದ್ದ ಪೆಟ್ಟು ಅದು. 2025ರ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಎಂಬ ಇನ್ನೊಂದು ಸೇವೆ ಬಂತು, ನಿಜ. ಅದೇ ವರುಷ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಕರಗಿಹೋಯಿತು.

ಆ ಶವಸಂಸ್ಕಾರದ ದಿನದ ಮೇಲೆ ಹುಡುಗನು ಸರದಿಯ ಯಂತ್ರವನ್ನು ಕೆಲ ದಿನ ನಿಲ್ಲಿಸಿದ್ದ. ಒಂದು ಭಾನುವಾರ ಬಂದು ಅಜ್ಜನ ಪಟ್ಟಿಗಳನ್ನು ನೋಡುತ್ತ ಬಹಳ ಹೊತ್ತು ಕುಳಿತ. ಮರುವಾರ, ತನ್ನ ತಾಣಕ್ಕೆ ಎಂದಾದರೂ ಬಂದು ಎರಡು ಸಾಲು ಬರೆದುಹೋಗಿದ್ದ ಮೂವತ್ತು ನಲವತ್ತು ಜನರ ಹೆಸರು ಹುಡುಕಿ ತೆಗೆದು, ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದನಂತೆ. ನಿಮಗೆ ಆ ಶಾಸನದ ಬರಹ ಹಿಡಿಸಿತ್ತು, ಈಗ ಅದೇ ಗುಡಿಯ ವಿಷಯವಾಗಿ ಇನ್ನೊಂದು ಬರೆದಿದ್ದೇನೆ ಎಂದು. ಮೂರು ರಾತ್ರಿ ಹಿಡಿಯಿತಂತೆ. ಹೊಸ ಬರಹ ಸೇರಿದಾಗ ಒಮ್ಮೆ ಸಾರುವಷ್ಟಕ್ಕೆ ಯಂತ್ರವನ್ನು ಮತ್ತೆ ಹಚ್ಚಿದ್ದಾನೆ; ಹಳೆಯದನ್ನು ತಿರುತಿರುಗಿ ಒದರುವುದನ್ನು ಬಿಡಿಸಿದ್ದಾನೆ.

ಪತ್ರಗಳಿಗೆ ಬಂದ ಉತ್ತರ ಆರು. ಅವುಗಳಲ್ಲೊಂದು ಲಕ್ಷ್ಮೇಶ್ವರದ ಕಡೆಯ ನಿವೃತ್ತ ಮಾಸ್ತರರದು. ಹೊಗಳಿಕೆ ಒಂದು ಸಾಲೂ ಇಲ್ಲ. ಶಾಸನದ ತಿಥಿಯನ್ನು ನೀವು ತಪ್ಪಾಗಿ ಕೊಟ್ಟಿದ್ದೀರಿ, ಸಂವತ್ಸರಕ್ಕೂ ಶಕವರ್ಷಕ್ಕೂ ಹೊಂದುವುದಿಲ್ಲ, ಕಲ್ಲನ್ನು ಇನ್ನೊಮ್ಮೆ ನೋಡಿರಿ ಎಂದು ಎರಡು ಪುಟ ಬರೆದಿದ್ದಾರೆ. ಹುಡುಗನು ಅದನ್ನು ಹಿಡಿದುಕೊಂಡು ಓಡುತ್ತ ಬಂದು, ಚಪ್ಪಲಿ ಬಿಡುವುದನ್ನೂ ಮರೆತು, ನಮ್ಮ ಪಡಸಾಲೆಯಲ್ಲಿ ನಿಂತು ಓದಿ ತೋರಿಸಿದ. ಬರುವ ಭಾನುವಾರ ಮುಂಜಾನೆಯ ಗಾಡಿಗೆ ಇಬ್ಬರೂ ಕೂಡಿ ಹೋಗಿ ಕಲ್ಲು ನೋಡಿ ಬರುವವರಿದ್ದೇವೆ.